ಬಿಸಿಲನ್ನು ಬಯಸುವ ನುಡಿಯೂ ನೆರಳನ್ನು ಬಯಸುವ ನುಡಿಯೂ: ಇಂಗ್ಲಿಷಿನ ಬೇಸಗೆಯ ನುಡಿಗಟ್ಟುಗಳು ಕನ್ನಡಕ್ಕೆ ಬಂದ ಬಗೆ

ಒಂದು ಭಾಷೆಯ ನುಡಿಗಟ್ಟುಗಳಲ್ಲಿ ಅದನ್ನಾಡುವ ಜನರ ಆಚಾರವ್ಯವಹಾರಗಳು ಅಡಗಿರುವುವೆಂಬುದು ಎಲ್ಲರೂ ಒಪ್ಪುವ ಮಾತು. ಆ ಜನರ ಹವೆಯೂ ಋತುಗಳೂ ಅಲ್ಲಿ ಅಡಗಿರುವುವೆಂಬುದು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಇಂಗ್ಲಿಷು ಓದಿದ ಕನ್ನಡಿಗರು ಆ ಭಾಷೆಯ ಮಾತುಗಳನ್ನು ಕನ್ನಡಕ್ಕೆ ತರುವಾಗ ಪದಕ್ಕೆ ಪದವನ್ನು ಹುಡುಕುವರು. ಪದದ ಹಿಂದಿರುವ ಬಿಸಿಲನ್ನೂ ಚಳಿಯನ್ನೂ ಹುಡುಕುವವರು ವಿರಳ. ಇದರ ಫಲವಾಗಿ ಈಚಿನ ಗದ್ಯದಲ್ಲಿ ಅತಿಥಿಗಳಿಗೆ "ಬೆಚ್ಚನೆಯ ಸ್ವಾಗತ" ದೊರೆಯುವುದು. ಮೇಲೇರಬಯಸುವ ತರುಣನು "ಬಿಸಿಲಿನಲ್ಲಿ ತನ್ನದೊಂದು ಜಾಗ"ವನ್ನು ಅರಸುವನು. "ಬಿಸಿಲಿರುವಾಗಲೇ ಹುಲ್ಲನ್ನು ಒಣಗಿಸಿಕೋ" ಎಂದು ವಿದ್ಯಾರ್ಥಿಗೆ ಬುದ್ಧಿ ಹೇಳಲಾಗುವುದು. ಈ ವಾಕ್ಯಗಳಲ್ಲಿ ವ್ಯಾಕರಣದೋಷವಿಲ್ಲ. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ರಾಮನಗರದ ಬಂಡೆಗಳ ನಡುವೆ ನಡೆದು ಬಂದವನ ಕಿವಿಗೆ ಇವು ಹೇಗೆ ಕೇಳಿಸುವುವೆಂಬುದು ವಿಚಾರಮಾಡತಕ್ಕ ವಿಷಯವಾಗಿದೆ.

ಇದು ಭಾಷೆಯ ಮಡಿವಂತಿಕೆಯ ಪ್ರಶ್ನೆಯಲ್ಲ. ಅನ್ಯಭಾಷೆಯಿಂದ ಮಾತುಗಳನ್ನು ಪಡೆಯದೆ ಬೆಳೆದ ಸಾಹಿತ್ಯ ಯಾವುದೂ ಇಲ್ಲ. ಕನ್ನಡವಂತೂ ಸಂಸ್ಕೃತದಿಂದಲೂ ಪಾರಸಿಯಿಂದಲೂ ಇಂಗ್ಲಿಷಿನಿಂದಲೂ ಧಾರಾಳವಾಗಿ ಪಡೆದಿದೆ. ಪ್ರಶ್ನೆಯಿರುವುದು ಬೇರೆಡೆಯಲ್ಲಿ. ಹಿಂದಿನ ತಲೆಮಾರಿನ ಹೆಂಗಸರು ಮಕ್ಕಳನ್ನು "ನಿನ್ನ ಹೊಟ್ಟೆ ತಣ್ಣಗಿರಲಿ" ಎಂದು ಹರಸುತ್ತಿದ್ದರು. ಉಪಕಾರಮಾಡಿದವರನ್ನು "ತಂಪು ಹೊತ್ತಿನಲ್ಲಿ ನೆನೆಯಬೇಕು" ಎನ್ನುತ್ತಿದ್ದರು. ಶಾಲೆಯ ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುವ ಮನೆಗಳ ಮಕ್ಕಳಿಗೆ ಪ್ರೀತಿಯೆಂದರೆ ಬಿಸುಪು, ಅಪ್ರೀತಿಯೆಂದರೆ ತಣ್ಪು ಎಂಬುದೊಂದೇ ಲೆಕ್ಕ ರೂಢಿಯಾದರೆ, ಅಜ್ಜಿಯ ಹರಕೆ ಅವರಿಗೆ ಅರ್ಥವಾಗದ ಮಾತಾಗುವುದು. ಪದಗಳು ತಿಳಿದಿದ್ದೂ ಅಭಿಪ್ರಾಯ ತಿಳಿಯದಿರುವುದು ಭಾಷೆಗೆ ಒದಗಬಹುದಾದ ನಷ್ಟಗಳಲ್ಲಿ ಸಣ್ಣದಲ್ಲ. ಆದ್ದರಿಂದ ಯಾವ ನುಡಿಗಟ್ಟು ಈ ನೆಲದಲ್ಲಿ ಬೇರು ಹಿಡಿಯಬಲ್ಲುದು, ಯಾವುದು ಹಿಡಿಯಲಾರದು ಎಂಬ ವಿವೇಕ ಅವಶ್ಯವಾಗಿದೆ.

ಮೊದಲು ಎರಡು ದೇಶಗಳ ಬೇಸಗೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಲಂಡನ್ ನಗರವು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ೫೧½ ಅಂಶಗಳ ದೂರದಲ್ಲಿದೆ. ಅಲ್ಲಿ ಜೂನ್ ತಿಂಗಳ ಹಗಲು ೧೬ ಗಂಟೆಗಳನ್ನು ಮೀರುವುದು. ಡಿಸೆಂಬರಿನ ಹಗಲು ೮ ಗಂಟೆಗಳಿಗೂ ಕಡಮೆ. ಸೂರ್ಯನು ಅಲ್ಲಿ ಎಂದಿಗೂ ನಡುನೆತ್ತಿಗೆ ಬರುವುದಿಲ್ಲ. ದೀರ್ಘವಾದ ಕತ್ತಲೆಯನ್ನೂ ಮಂಜನ್ನೂ ಕಳೆದ ಜನಕ್ಕೆ ಬೇಸಗೆಯೆಂಬುದು ಬಿಡುಗಡೆ, ಹಬ್ಬ, ಹೊರಗೆ ಕುಳಿತು ಉಣ್ಣುವ ಕಾಲ. ರಾಮನಗರವಿರುವುದು ಸುಮಾರು ೧೨¾ ಅಂಶಗಳಲ್ಲಿ. ಇಲ್ಲಿ ವರ್ಷದ ಅತಿ ದೀರ್ಘವಾದ ಹಗಲಿಗೂ ಅತಿ ಹ್ರಸ್ವವಾದ ಹಗಲಿಗೂ ಇರುವ ಅಂತರ ಹೆಚ್ಚುಕಡಮೆ ಒಂದೂವರೆ ಗಂಟೆ ಮಾತ್ರ. ಏಪ್ರಿಲ್ ೨೪ರ ಸುಮಾರಿಗೊಮ್ಮೆ, ಆಗಸ್ಟ್ ೧೮ರ ಸುಮಾರಿಗೊಮ್ಮೆ ಸೂರ್ಯನು ನೆಟ್ಟಗೆ ತಲೆಯ ಮೇಲೆ ನಿಲ್ಲುವನು. ಆ ನಡುಹಗಲಿನಲ್ಲಿ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಇನ್ನೂರೈವತ್ತು ಕೋಟಿ ವರ್ಷಗಳಷ್ಟು ಹಳೆಯದಾದ ಇಲ್ಲಿಯ ಬಂಡೆ ಹಗಲೆಲ್ಲ ಕಾದು, ಹೊತ್ತು ಮುಳುಗಿದ ಮೇಲೂ ಝಳವನ್ನು ಬಿಡುತ್ತಿರುವುದು. ಅಲ್ಲಿ ಬಿಸಿಲು ದುರ್ಲಭ. ಇಲ್ಲಿ ದುರ್ಲಭವಾದುದು ನೆರಳು. ದುರ್ಲಭವಾದುದಕ್ಕೆ ಜನ ಬೆಲೆ ಕೊಡುವರು, ಬೆಲೆಯುಳ್ಳದ್ದು ನುಡಿಗಟ್ಟಾಗುವುದು.

ಋತುವಿನ ಹೆಸರುಗಳೇ ಇದನ್ನು ಹೇಳುವುವು. ಕನ್ನಡದ "ಬೇಸಗೆ" ಎಂಬ ಶಬ್ದವು ಬೇಯುವುದೆಂಬ ಅರ್ಥದ "ಬೇ" ಧಾತುವಿಗೆ ಸಂಬಂಧಿಸಿದುದು. ತೆಲುಗಿನ "ವೇಸವಿ"ಯೂ ಅದರ ಸೋದರ. ಎಂದರೆ ದ್ರಾವಿಡ ಜನರು ಈ ಕಾಲಕ್ಕೆ ಬೇಗೆಯಿಂದಲೇ ಹೆಸರಿಟ್ಟರು. ಇಂಗ್ಲಿಷಿನ "ಸಮ್ಮರ್" ಎಂಬುದಾದರೋ ಸಂಸ್ಕೃತದ "ಸಮಾ" ಶಬ್ದದ ದೂರದ ಬಂಧು. ಸಂಸ್ಕೃತದಲ್ಲಿ ಅದಕ್ಕೆ ವರ್ಷವೆಂಬ ಅರ್ಥವುಂಟು. ಆಂಗ್ಲ ಕವಿಗಳು ಯುವತಿಯ ವಯಸ್ಸನ್ನು ಇಷ್ಟು ಬೇಸಗೆಗಳೆಂದು ಎಣಿಸುವುದೂ ಉಂಟು. ಅದನ್ನೇ ಹಿಡಿದು ನಾಯಕಿಯನ್ನು "ಹದಿನೆಂಟು ಬೇಸಗೆಗಳನ್ನು ಕಂಡವಳು" ಎಂದು ವರ್ಣಿಸಿದರೆ ಕನ್ನಡದ ವಾಚಕನಿಗೆ ಆಕೆ ಚೆಲುವೆಯಾಗಿ ತೋರುವುದಕ್ಕಿಂತ ಬಹಳ ಕಷ್ಟಪಟ್ಟವಳಾಗಿ ತೋರುವಳು. ಭಾರತೀಯರು ಕಾಲವನ್ನು ಎಣಿಸಿದುದು ಮಳೆಯಿಂದ. "ವರ್ಷ"ವೆಂದರೆ ಮಳೆಯೂ ಹೌದು, ಸಂವತ್ಸರವೂ ಹೌದು. ಕನ್ನಡ ಲೇಖಕರು ಇಲ್ಲಿ ಒಂದು ಜಾಣತನವನ್ನು ತೋರಿರುವರು. ಸಂಘಸಂಸ್ಥೆಗಳು "ಐವತ್ತು ವಸಂತಗಳನ್ನು ಪೂರೈಸಿದುವು" ಎಂದು ಬರೆಯುವ ರೂಢಿಯಲ್ಲಿ ಬೇಸಗೆಯ ಸ್ಥಾನಕ್ಕೆ ವಸಂತವನ್ನು ತಂದಿರುವುದರಿಂದ, ಹೊರಗಿನ ಭಾವ ಒಳಗಿನ ಮಾತಿನಲ್ಲಿ ನೆಲೆಗೊಂಡಿತು. ಅನುವಾದವೆಂದರೆ ಹೀಗಿರಬೇಕು.

ಹುಲ್ಲನ್ನು ಒಣಗಿಸುವ ಗಾದೆಗೆ ಬರೋಣವಾಗಲಿ. ಜಾನ್ ಹೇವುಡ್ ಎಂಬುವನು ೧೫೪೬ರಲ್ಲಿ ಪ್ರಕಟಿಸಿದ ಇಂಗ್ಲಿಷು ಗಾದೆಗಳ ಸಂಗ್ರಹದಲ್ಲಿಯೇ ಇದು ದೊರೆಯುವುದು. ಆ ದೇಶದ ರೈತನು ಬೇಸಗೆಯಲ್ಲಿ ಹುಲ್ಲನ್ನು ಕೊಯ್ದು, ಕೆಲವು ದಿನ ಬಿಸಿಲಿನಲ್ಲಿ ಹರಡಿ, ತಿರುವಿಹಾಕಿ, ಒಣಗಿದ ಮೇಲೆ ಚಳಿಗಾಲದಲ್ಲಿ ದನಗಳ ಮೇವಿಗೆಂದು ಕೂಡಿಡುವನು. ನಡುವೆ ಮಳೆ ಬಿದ್ದರೆ ಹುಲ್ಲು ಕೊಳೆಯುವುದು. ಅಲ್ಲಿ ಬಿಸಿಲನ್ನು ನಂಬುವಂತಿಲ್ಲವಾದುದರಿಂದ ಅದಿರುವಾಗಲೇ ಕೆಲಸ ಮುಗಿಸಬೇಕೆಂಬ ಎಚ್ಚರಿಕೆಗೆ ಅರ್ಥವಿದೆ. ಮಾಗಡಿಯ ರೈತನಿಗೆ "ಬಿಸಿಲಿರುವಾಗಲೇ ಮಾಡಿಕೋ" ಎಂದರೆ ಅವಸರವೇನೂ ತೋರದು. ನಾಳೆಯೂ ಬಿಸಿಲಿದ್ದೇ ಇರುವುದು. ಅವನಿಗೆ ನಂಬಿಕೆಯಿಲ್ಲದಿರುವುದು ಗಾಳಿಯಲ್ಲಿ. ಸುಗ್ಗಿಯ ಕಾಲಕ್ಕೆ ಕಣದಲ್ಲಿ ರಾಗಿಯನ್ನು ಒಕ್ಕಿ ರಾಶಿಮಾಡಿದ ಮೇಲೆ ಕಾಳು ಬೇರೆ, ಹೊಟ್ಟು ಬೇರೆ ಆಗಬೇಕಾದರೆ ಗಾಳಿ ಬೀಸಬೇಕು. ಅದು ಬಂದಾಗ ಮೊರವೆತ್ತಿದವನು ಗೆದ್ದ. ಮಾತಾಡುತ್ತ ಕುಳಿತವನು ರಾಶಿಯನ್ನು ಕಾಯುತ್ತ ಕಣದಲ್ಲಿಯೇ ರಾತ್ರಿ ಕಳೆಯಬೇಕು. ಆದ್ದರಿಂದ "ಗಾಳಿ ಬಂದಾಗ ತೂರಿಕೋ" ಎಂಬ ಗಾದೆ ಹುಟ್ಟಿತು. ಎರಡರ ತಾತ್ಪರ್ಯವೂ ಒಂದೇ. ಎರಡೂ ತಮ್ಮ ತಮ್ಮ ನೆಲದಲ್ಲಿ ಸತ್ಯ. ಹೀಗಿರುವಾಗ ಹುಲ್ಲಿನ ಮಾತನ್ನು ಕನ್ನಡಿಸುವುದು ಮನೆಯಲ್ಲಿರುವ ಬುತ್ತಿಯನ್ನು ಬಿಟ್ಟು ಸಾಲಮಾಡಿದಂತೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಬಿಸಿಲುನೆರಳುಗಳ ಮಾತಿನಲ್ಲಿದೆ. "ಬಿಸಿಲಿನಲ್ಲಿ ಒಂದು ಜಾಗ" ಎಂಬುದು ಐರೋಪ್ಯರಲ್ಲಿ ಅಧಿಕಾರವನ್ನೂ ಅಭ್ಯುದಯವನ್ನೂ ಸೂಚಿಸುವ ಮಾತು. ಜರ್ಮನಿಯ ಮಂತ್ರಿ ಬ್ಯೂಲೋ ೧೮೯೭ರಲ್ಲಿ ತನ್ನ ದೇಶಕ್ಕೂ ಅಂತಹ ಜಾಗ ಬೇಕೆಂದು ಶಾಸನಸಭೆಯಲ್ಲಿ ಹೇಳಿದ ಮೇಲೆ ಅದು ಲೋಕಪ್ರಸಿದ್ಧವಾಯಿತು. ಕನ್ನಡನಾಡಿನಲ್ಲಿ ಒಬ್ಬನನ್ನು ಬಿಸಿಲಿನಲ್ಲಿ ನಿಲ್ಲಿಸುವುದು ಶಿಕ್ಷೆ. ಇಲ್ಲಿ ಗೌರವವೆಲ್ಲ ನೆರಳಿನದು. ಅರಸನಿಗೆ ಬೆಳ್ಗೊಡೆಯನ್ನು ಹಿಡಿದರು. ದೇವರ ಉತ್ಸವಕ್ಕೆ ಚಪ್ಪರವನ್ನು ಹಾಕಿದರು. ದಾರಿಹೋಕರಿಗಾಗಿ ಸಾಲುಮರಗಳನ್ನು ನೆಟ್ಟು ಅರವಟಿಗೆಗಳನ್ನು ಇಟ್ಟವರನ್ನು ಪುಣ್ಯವಂತರೆಂದರು. ಇದು ಹಳೆಯ ಕಾಲದ ಮಾತು ಮಾತ್ರವಲ್ಲ. ಮಾಗಡಿ ತಾಲೂಕಿನ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ಸುಮಾರು ೪ ಕಿಲೋಮೀಟರು ದಾರಿಯಲ್ಲಿ ಪತಿಯೊಡನೆ ನೀರು ಹೊತ್ತು ಮುನ್ನೂರ ಎಂಬತ್ತಕ್ಕೂ ಮೀರಿದ ಆಲದ ಸಸಿಗಳನ್ನು ಬೆಳೆಸಿದ ತಿಮ್ಮಕ್ಕನವರಿಗೆ ೨೦೧೯ರಲ್ಲಿ ಭಾರತ ಸರ್ಕಾರವು ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತು. ಆದರೆ ಜನರು ಅದಕ್ಕೂ ಬಹಳ ಮುಂಚೆಯೇ "ಸಾಲುಮರದ" ಎಂಬ ಬಿರುದನ್ನು ಅವರ ಹೆಸರಿನ ಹಿಂದೆ ಸೇರಿಸಿಬಿಟ್ಟಿದ್ದರು. ನೆರಳೇ ಬಿರುದಾದ ಇಂಥ ಸೀಮೆಯಲ್ಲಿ ಬಿಸಿಲಿನ ಜಾಗವನ್ನು ಹಾರೈಸುವ ಮಾತು ಹೇಗೆ ನಾಟೀತು?

ಈ ಅಭಿಪ್ರಾಯವು ಭಾರತೀಯ ಕಾವ್ಯಪರಂಪರೆಗೂ ಒಪ್ಪುವಂತಹುದು. ಕಾಳಿದಾಸನದೆಂದು ಪ್ರಸಿದ್ಧವಾದ ಋತುಸಂಹಾರವು ಗ್ರೀಷ್ಮವರ್ಣನೆಯಿಂದಲೇ ಆರಂಭವಾಗುವುದು. ಅಲ್ಲಿ ಬಿಸಿಲಿನ ತಾಪವನ್ನು ತಾಳಲಾರದ ಹಾವು ತನ್ನ ಹುಟ್ಟುಹಗೆಯಾದ ನವಿಲಿನ ನೆರಳಿನಲ್ಲಿ ಬಂದು ಮಲಗುವ ಚಿತ್ರವಿದೆ. ಹಗೆತನವನ್ನು ಸಹ ಮರೆಯಿಸುವಷ್ಟು ದೊಡ್ಡದು ನೆರಳಿನ ಉಪಕಾರವೆಂಬುದು ಆ ಕವಿಯ ಭಾವ. ಆಂಗ್ಲ ಕವಿಯಾದರೆ ಹಗೆಗಳೆರಡನ್ನು ಒಂದುಗೂಡಿಸುವುದಕ್ಕೆ ಚಳಿಗಾಲದ ಅಗ್ಗಿಷ್ಟಿಕೆಯನ್ನು ತರುತ್ತಿದ್ದನೇನೋ.

ಇಲ್ಲಿಯೇ ಒಂದು ಅಪಾಯವನ್ನು ಗಮನಿಸಬೇಕು. ಇಂಗ್ಲಿಷಿನಲ್ಲಿ ತಂಪನ್ನೀಯುವ ನೆರಳಿಗೆ ಒಂದು ಮಾತು, ವಸ್ತುವಿನ ಛಾಯೆಗೆ ಇನ್ನೊಂದು ಮಾತು ಉಂಟು. ಕನ್ನಡದಲ್ಲಿ ಎರಡಕ್ಕೂ "ನೆರಳು" ಎಂಬ ಒಂದೇ ಪದ. ಒಬ್ಬ ದೊಡ್ಡವನ ಛಾಯೆಯಲ್ಲಿರುವುದೆಂದರೆ ಇಂಗ್ಲಿಷಿನಲ್ಲಿ ಅವನ ಹಿರಿಮೆಯಿಂದ ಮಂಕಾಗಿರುವುದೆಂದು ಅರ್ಥ. ಕನ್ನಡದಲ್ಲಿ "ಅವರ ನೆರಳಿನಲ್ಲಿ ಬಾಳಿದೆವು" ಎನ್ನುವುದು ಕೃತಜ್ಞತೆಯ ಮಾತು. ಈಚಿನ ಕಥೆಗಳಲ್ಲಿಯೂ ವಿಮರ್ಶೆಗಳಲ್ಲಿಯೂ "ಅವನು ತಂದೆಯ ನೆರಳಿನಲ್ಲಿಯೇ ಉಳಿದನು" ಎಂಬಂತಹ ವಾಕ್ಯವನ್ನು ಕಂಡಾಗ, ಬರೆದವನು ಮಗನ ಭಾಗ್ಯವನ್ನು ಹೇಳುತ್ತಿರುವನೋ ದೌರ್ಭಾಗ್ಯವನ್ನು ಹೇಳುತ್ತಿರುವನೋ ನಿಶ್ಚಯಿಸುವುದು ಕಷ್ಟವಾಗಿದೆ. ಒಂದು ಹೊಸ ಅರ್ಥ ಬಂದುದರಿಂದ ಭಾಷೆ ಬೆಳೆಯಿತೆಂದು ಕೆಲವರು ಹೇಳಬಹುದು. ಆದರೆ ಬಂದ ಅರ್ಥವು ಇದ್ದ ಅರ್ಥವನ್ನು ಸಂದೇಹಕ್ಕೆ ಗುರಿಮಾಡಿದರೆ ಅದು ಬೆಳವಣಿಗೆಯಲ್ಲ. ಮಂಕಾದುದನ್ನು ಹೇಳಬೇಕಾದರೆ "ತಂದೆಯ ಕೀರ್ತಿಯ ಮುಂದೆ ಮಗ ಕಾಣಿಸಲಿಲ್ಲ" ಎಂದರೆ ಸಾಕು. ನೆರಳಿಗೆ ಕಳಂಕ ತಾರದೆ ಕೆಲಸ ಮುಗಿಯುವುದು.

ಇನ್ನು "ವಾರ್ಮ್ ವೆಲ್ಕಮ್" ಎಂಬುದರ ಕನ್ನಡ ರೂಪ. ಬಿಸಿಲಿನಿಂದ ಬಂದವರಿಗೆ ಕಾಲಿಗೆ ನೀರನ್ನೂ ಬಾಯಿಗೆ ಬೆಲ್ಲನೀರನ್ನೂ ಮಜ್ಜಿಗೆಯನ್ನೂ ಕೊಟ್ಟು ಬೀಸಣಿಗೆಯನ್ನು ಮುಂದಿಡುವುದು ಈ ನಾಡಿನ ಸ್ವಾಗತ. ರಾಮನವಮಿಯ ದಿನ ಪಾನಕ, ನೀರುಮಜ್ಜಿಗೆ, ಕೋಸಂಬರಿಗಳನ್ನು ಹಂಚುವುದು ಇದೇ ಉಪಚಾರದ ಪೂಜಾರೂಪ. ಸ್ವಾಗತವೇ ತಂಪಾಗಿರುವಲ್ಲಿ ಅದನ್ನು ಬೆಚ್ಚನೆಯದೆನ್ನುವುದು ವಿಪರೀತವೆಂದು ಆಕ್ಷೇಪಿಸಬಹುದು. ಆದರೆ ವಿಮರ್ಶಕನು ಇಲ್ಲಿ ಅವಸರಪಡಬಾರದು. "ಬೆಚ್ಚಗೆ" ಎಂಬುದು ಕನ್ನಡದಲ್ಲಿ ಸುಖದ ಮಾತೇ. ಸಂಸಾರದ ಸುಖಗಳನ್ನೆಣಿಸುವ ಸರ್ವಜ್ಞನ ಸುಪ್ರಸಿದ್ಧ ತ್ರಿಪದಿಯಲ್ಲಿ ಬೆಚ್ಚಗಿರುವ ಮನೆಗೆ ಮೊದಲ ಸ್ಥಾನವುಂಟು. ಮಗು ತಾಯಿಯ ಮಗ್ಗುಲಲ್ಲಿ ಬೆಚ್ಚಗೆ ಮಲಗುವುದು. ಹಕ್ಕಿ ಮೊಟ್ಟೆಗೆ ಕಾವು ಕೊಡುವುದು. ಹಾಗಾದರೆ ಆಕ್ಷೇಪಣೆ ನಿಲ್ಲುವುದೆ?

ಉತ್ತರವು ಕನ್ನಡದ ಶಬ್ದಸಂಪತ್ತಿಯಲ್ಲಿಯೇ ಇದೆ. ಬಿಸಿ, ಬಿಸಿಲು, ಬೇಗೆ, ಧಗೆ, ಝಳ, ಸೆಕೆ, ಉರಿ, ಕಾವು, ಬಿಸುಪು, ಬೆಚ್ಚಗೆ, ಉಗುರುಬೆಚ್ಚಗೆ ಎಂದು ಕನ್ನಡಿಗರು ಶಾಖವನ್ನು ಎಷ್ಟೋ ಮೆಟ್ಟಿಲುಗಳಾಗಿ ವಿಂಗಡಿಸಿರುವರು. ಬಿಸಿಲಿನಲ್ಲಿಯೂ ಎಳೆಬಿಸಿಲು, ಹೂಬಿಸಿಲು, ಹೊಂಬಿಸಿಲು ಎಂದರೆ ಪ್ರಿಯ. ಬಿರುಬಿಸಿಲು, ರಣಬಿಸಿಲು ಎಂದರೆ ಭಯ. ಈ ಸಾಲಿನಲ್ಲಿ "ಬೆಚ್ಚಗೆ" ಎಂಬುದು ಬೇಸಗೆಯ ಮಾತಲ್ಲ. ಮಳೆಗಾಲದ ಮತ್ತು ಮಾಗಿಯ ಮಾತು. ಹೊರಗೆ ಗಾಳಿಮಳೆಯಿರುವಾಗ ಒಳಗಿರುವ ಆಶ್ರಯಕ್ಕೆ ಅದು ಹೆಸರು. ಆದ್ದರಿಂದ ಕೊಡಗಿನ ಜಡಿಮಳೆಯಲ್ಲಿ ಬಂದ ಅತಿಥಿಗೆ ಬೆಚ್ಚನೆಯ ಸ್ವಾಗತವಾಯಿತೆಂದರೆ ಮಾತು ಸಾರ್ಥಕ. ಚೈತ್ರಮಾಸದಲ್ಲಿ ಚನ್ನಪಟ್ಟಣಕ್ಕೆ ಬಂದಿಳಿದವರಿಗೆ ಅದೇ ಸ್ವಾಗತವನ್ನು ನೀಡಿದರೆ ಓದುಗನು ಬೆವರುವನು. ಆದರದ ಸ್ವಾಗತ, ಅಕ್ಕರೆಯ ಸ್ವಾಗತ, ಮನಸಾರೆ ಮಾಡಿದ ಸ್ವಾಗತ ಎಂಬ ಮಾತುಗಳಿಗೆ ಋತುಭೇದವಿಲ್ಲ.

ಎಲ್ಲ ನುಡಿಗಟ್ಟುಗಳೂ ಹೀಗೆ ಗಡಿಯಲ್ಲಿ ನಿಲ್ಲುವುದಿಲ್ಲ. ಕೋಪವು ಎರಡು ಭಾಷೆಗಳಲ್ಲಿಯೂ ಬಿಸಿಯೇ. ಸಿಟ್ಟು ಬಂದಾಗ ಮುಖ ಕೆಂಪೇರುವುದು, ಮೈ ಬಿಸಿಯಾಗುವುದು ಎಲ್ಲ ಮನುಷ್ಯರಿಗೂ ಸಮಾನ. ಆದಕಾರಣ "ಕಾವೇರಿದ ಚರ್ಚೆ" ಎಂಬ ಮಾತು ಇಂಗ್ಲಿಷಿನ ಪ್ರೇರಣೆಯಿಂದ ಬಂದಿದ್ದರೂ ಯಾರಿಗೂ ಪರಕೀಯವಾಗಿ ತೋರಲಿಲ್ಲ. "ಉತ್ಸಾಹಕ್ಕೆ ತಣ್ಣೀರೆರಚಿದರು" ಎಂಬುದೂ ಹಾಗೆಯೇ. ತಣ್ಪು ಕನ್ನಡದಲ್ಲಿ ಸಾಮಾನ್ಯವಾಗಿ ಶುಭವಾದರೂ, ಒಲೆಯ ಮೇಲೆ ನೀರು ಬಿದ್ದರೆ ಅಡುಗೆ ಕೆಡುವುದೆಂಬುದು ಪ್ರತಿಯೊಂದು ಮನೆಯ ಅನುಭವ. ಉತ್ಸಾಹವನ್ನು ಉರಿಯೆಂದು ಭಾವಿಸಿದೊಡನೆ ತಣ್ಣೀರು ಅಶುಭವಾಗುವುದು. ಹೊಟ್ಟೆಕಿಚ್ಚು, ಕಣ್ಣುರಿ, ಎದೆಯುರಿ ಎಂಬ ದೇಶೀಯ ಮಾತುಗಳ ಸಾಲಿನಲ್ಲಿ ಇಂತಹುವು ತಾವಾಗಿಯೇ ಸೇರಿಕೊಳ್ಳುವುವು. ಇದರಿಂದ ಒಂದು ಪರೀಕ್ಷೆ ದೊರೆಯುವುದು: ಮೈಯ ಅನುಭವದಿಂದಲೋ ಒಲೆಯ ಅನುಭವದಿಂದಲೋ ಹುಟ್ಟಿದ ಮಾತು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಸುಲಭವಾಗಿ ಬರುವುದು. ಹವೆಯಿಂದ, ನಕ್ಷತ್ರದಿಂದ, ಪಕ್ಷಿಗಳ ಬರವಿನಿಂದ ಹುಟ್ಟಿದ ಮಾತು ತನ್ನ ನೆಲವನ್ನು ಬಿಟ್ಟು ಬರಲೊಲ್ಲದು.

ಈ ಪರೀಕ್ಷೆಗೆ ಮೂರು ಉದಾಹರಣೆಗಳು ಸಾಕು. ಕಡುಬೇಸಗೆಯನ್ನು ಇಂಗ್ಲಿಷಿನವರು "ಡಾಗ್ ಡೇಸ್" ಎನ್ನುವರು. ಲುಬ್ಧಕ ನಕ್ಷತ್ರವನ್ನು ಗ್ರೀಕರೂ ರೋಮನರೂ ನಾಯಿಯೆಂದು ಕರೆದು, ಅದು ಸೂರ್ಯನೊಡನೆ ಮೂಡುವ ಕಾಲವನ್ನು ಬೇಗೆಯ ಕಾಲವೆಂದು ಎಣಿಸಿದುದೇ ಇದಕ್ಕೆ ಮೂಲ. ಇದನ್ನು "ನಾಯಿಯ ದಿನಗಳು" ಎಂದರೆ ಕನ್ನಡಿಗನು ನಾಯಿಪಾಡೆಂದು ತಿಳಿಯುವನು. ಕನ್ನಡ ರೈತನಿಗೂ ಬೇಸಗೆಯನ್ನು ನಕ್ಷತ್ರಗಳಿಂದ ಅಳೆಯುವ ರೂಢಿಯುಂಟು. ಆದರೆ ಅವನ ನಕ್ಷತ್ರಗಳು ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ. ಅವು ಬಿಸಿಲಿನ ಹೆಸರುಗಳಲ್ಲ, ಮಳೆಯ ಹೆಸರುಗಳು. ಭರಣಿಯ ಮಳೆಗೂ ಧರಣಿಯ ಬೆಳೆಗೂ ಪ್ರಾಸ ಕಟ್ಟಿದ ಗಾದೆ ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುವುದು. ಎರಡನೆಯದು "ಇಂಡಿಯನ್ ಸಮ್ಮರ್." ಶರತ್ಕಾಲ ಕಳೆಯುತ್ತಿರುವಾಗ ಉತ್ತರ ಅಮೆರಿಕದಲ್ಲಿ ಕೆಲವು ದಿನ ಮರಳಿ ತೋರುವ ಹಿತವಾದ ಬಿಸುಪಿಗೆ ಅದು ಹೆಸರು. ಕ್ರೆವೆಕೂರನ ೧೭೭೮ರ ಬರೆಹದಲ್ಲಿ ಈ ಮಾತು ಕಾಣಿಸಿಕೊಂಡಿತು. ಅಲ್ಲಿಯ "ಇಂಡಿಯನ್" ಎಂದರೆ ಅಮೆರಿಕದ ಮೂಲನಿವಾಸಿ. ಇದನ್ನು "ಭಾರತದ ಬೇಸಗೆ" ಎಂದು ತಿಳಿದರೆ ಅರ್ಥವು ತಲೆಕೆಳಗಾಗುವುದು. ಮೂರನೆಯದು, ಒಂದು ಸ್ವಾಲೋ ಹಕ್ಕಿ ಬಂದ ಮಾತ್ರಕ್ಕೆ ಬೇಸಗೆಯಾಗದೆಂಬ ಗಾದೆ. ಅರಿಸ್ಟಾಟಲನ ನೀತಿಶಾಸ್ತ್ರದಲ್ಲಿಯೇ ಇದರ ಮೂಲವಿದೆ. ಯೂರೋಪಿಗೆ ಈ ಕವಲುಬಾಲದ ಹಕ್ಕಿ ಬರುವುದು ಚಳಿ ಕಳೆದ ಮೇಲೆ. ದಕ್ಷಿಣ ಭಾರತಕ್ಕಾದರೋ ಅದೇ ಹಕ್ಕಿ ಬರುವುದು ಚಳಿಗಾಲದ ಅತಿಥಿಯಾಗಿ. ಇಲ್ಲಿಯ ಕೆರೆಗಳ ಮೇಲೆ ಅದು ಹಾರಾಡಿದರೆ ಬೇಸಗೆ ದೂರವಿದೆಯೆಂದು ತಿಳಿಯಬೇಕು!

ಸಾಹಿತ್ಯದ ಅನುವಾದಕರಲ್ಲಿ ಹಿರಿಯರು ಈ ಕಷ್ಟವನ್ನು ಬಲ್ಲವರಾಗಿದ್ದರು. ಎಂ. ಎಲ್. ಶ್ರೀಕಂಠೇಶಗೌಡರು ಷೇಕ್ಸ್‌ಪಿಯರನ ನಡುಬೇಸಗೆಯ ರಾತ್ರಿಯ ನಾಟಕವನ್ನು ಕನ್ನಡಕ್ಕೆ ಅಳವಡಿಸುವಾಗ ಅದಕ್ಕೆ "ಪ್ರಮೀಳಾರ್ಜುನೀಯ"ವೆಂದು ಹೆಸರಿಟ್ಟು, ಬೇಸಗೆಯನ್ನು ಹೆಸರಿನಿಂದಲೇ ಕೈಬಿಟ್ಟರು. ಆ ದೇಶದಲ್ಲಿ ನಡುಬೇಸಗೆಯ ರಾತ್ರಿಗೆ ಸೇರಿರುವ ಹಬ್ಬ, ಹುಚ್ಚಾಟ, ಯಕ್ಷಿಣಿಗಳ ಕಲ್ಪನೆ ಕನ್ನಡದ ಬೇಸಗೆಗೆ ಸೇರಿಲ್ಲ. ಬಿ. ಎಂ. ಶ್ರೀಕಂಠಯ್ಯನವರು ೧೯೨೬ರಲ್ಲಿ ಪ್ರಕಟಿಸಿದ "ಇಂಗ್ಲಿಷ್ ಗೀತಗಳು" ಎಂಬ ಸಂಗ್ರಹದಲ್ಲಿ ಥಾಮಸ್ ನ್ಯಾಷನ ವಸಂತಗೀತೆಯ ರೂಪಾಂತರವಿದೆ. ಮೂಲಗೀತೆಯು ಬೇಸಗೆಯ ಮರಣಶಾಸನವನ್ನೇ ಹೆಸರಾಗುಳ್ಳ ಒಂದು ನಾಟಕದಿಂದ ಬಂದುದು. ಆ ರೂಪಾಂತರವು ಕನ್ನಡಿಗರ ನಾಲಗೆಯ ಮೇಲೆ ನಿಂತುದಕ್ಕೆ ಛಂದಸ್ಸಿನ ಸೊಗಸು ಒಂದು ಕಾರಣ. ವಸಂತವೆಂಬ ಋತುವನ್ನು ಸಂಸ್ಕೃತ ಕಾವ್ಯಗಳೂ ಕನ್ನಡದ ಚಂಪೂಕಾವ್ಯಗಳೂ ಮೊದಲೇ ಸಿಂಗರಿಸಿಟ್ಟಿದ್ದುದು ಇನ್ನೊಂದು ಕಾರಣ. ಶಿವರಾತ್ರಿಗೆ ಚಳಿಯು ಶಿವಶಿವಾ ಎಂದು ಓಡುವುದೆಂಬ ನಾಡಿನಲ್ಲಿ, ವಸಂತವು ಚಳಿಯನ್ನು ಕಳೆಯುವುದೆಂದರೆ ಅಸತ್ಯವಾಗಲಿಲ್ಲ.

ಆದರೆ ೧೬೦೯ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ಸುನೀತಗಳಲ್ಲಿ ಹದಿನೆಂಟನೆಯದನ್ನು ತೆಗೆದುಕೊಂಡರೆ ತೊಡಕು ಎದುರಾಗುವುದು. ಪ್ರಿಯವ್ಯಕ್ತಿಯನ್ನು ಬೇಸಗೆಯ ಒಂದು ದಿನಕ್ಕೆ ಹೋಲಿಸಬಹುದೆ ಎಂದು ಕವಿ ಕೇಳಿ, ಬೇಸಗೆಗಿಂತಲೂ ಆ ವ್ಯಕ್ತಿ ಸೌಮ್ಯವೆಂದೂ, ಬೇಸಗೆಯ ಆಯುಸ್ಸು ಬಲು ಕಿರಿದೆಂದೂ ಹೇಳುವನು. ಬೇಸಗೆ ಬೇಗ ಮುಗಿದುಹೋಗುವುದೆಂಬ ದುಃಖವು ಕನಕಪುರದ ಓದುಗನಿಗೆ ಎಂದಾದರೂ ಬಂದೀತೆ? ಇದನ್ನು ಪದಶಃ ಕನ್ನಡಿಸಿದರೆ ಹೊಗಳಿಕೆಯು ಬೈಗುಳಾಗುವುದು. ವಸಂತವೆಂದು ಬದಲಾಯಿಸಿದರೆ ಭಾವವು ಉಳಿಯುವುದು, ಆದರೆ ಸೂರ್ಯನು ಒಮ್ಮೊಮ್ಮೆ ಅತಿಯಾಗಿ ಸುಡುವನೆಂದು ಕವಿಯೇ ಒಪ್ಪಿಕೊಳ್ಳುವ ಮಾತಿನ ಸ್ವಾರಸ್ಯ ತಗ್ಗುವುದು. ಅನುವಾದಕನು ಯಾವುದನ್ನು ಕಳೆದುಕೊಳ್ಳಲು ಸಿದ್ಧನೆಂಬುದನ್ನು ತಿಳಿದು ಆರಿಸಬೇಕಲ್ಲದೆ, ನಿಘಂಟು ಹೇಳಿದ ಪದವನ್ನಿಟ್ಟು ಹೊಣೆ ತೀರಿತೆನ್ನಬಾರದು.

ಹವೆಯ ಅಧಿಕಾರ ಎಷ್ಟೆಂಬುದಕ್ಕೆ ಇಂಗ್ಲಿಷೇ ಸಾಕ್ಷಿ. ಆ ಭಾಷೆ ಈ ನಾಡಿಗೆ ಬಂದು ನೆಲಸಿದಾಗ ಅದೂ ಇಲ್ಲಿಯ ಬೇಸಗೆಗೆ ತಲೆಬಾಗಿತು. ಏಪ್ರಿಲ್ ಮೇ ತಿಂಗಳುಗಳಲ್ಲಿ ಗುಡುಗುಮಿಂಚುಗಳೊಡನೆ ಬಂದು ಮಾವಿನ ಕಾಯಿ ಹಣ್ಣಾಗುವುದಕ್ಕೆ ನೆರವಾಗುವ ಮಳೆಗೆ "ಮ್ಯಾಂಗೋ ಷವರ್ಸ್" ಎಂಬ ಹೆಸರು ಇಂಗ್ಲಿಷಿನಲ್ಲಿ ಹುಟ್ಟಿತು. ಕಾಫಿಯ ಹೂವನ್ನು ಅರಳಿಸುವ ಮಳೆಗೆ "ಬ್ಲಾಸಮ್ ಷವರ್ಸ್" ಎಂಬ ಹೆಸರು ಬಂದಿತು. ಇಂದಿಗೂ ಹವಾಮಾನದ ವರದಿಗಳಲ್ಲಿ ಈ ಹೆಸರುಗಳಿವೆ. ರಾಜ್ಯದಲ್ಲಿ ಮೊದಲಾಗಿ ಮಾವು ಮಾರುಕಟ್ಟೆಗೆ ಬರುವ ಸೀಮೆಗಳಲ್ಲೊಂದಾದ ರಾಮನಗರದ ತೋಟಗಾರರಿಗೆ ಈ ಮಳೆಯ ಬೆಲೆ ಚೆನ್ನಾಗಿ ಗೊತ್ತು. ಲಂಡನ್ನಿನಲ್ಲಿ ಈ ಮಾತು ಹುಟ್ಟಲಾರದು. ಪರಭಾಷೆಯೇ ಈ ನೆಲವನ್ನು ನೋಡಿ ಮಾತು ಕಟ್ಟಿಕೊಂಡಿರುವಾಗ, ಈ ನೆಲದ ಭಾಷೆ ಆ ನೆಲವನ್ನು ನೋಡಿ ಮಾತಾಡುವುದು ವಿಚಿತ್ರವಲ್ಲವೆ?

ಕನ್ನಡ ಲೇಖಕರು ನೋಡಬೇಕಾದ ಕಡೆ ಇನ್ನೂ ಬೇಕಾದಷ್ಟಿದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಪ್ರಸಿದ್ಧವಾದುದು. ಅಲ್ಲಿಗೆ ಗೂಡು ತರುವ ರೈತರ ಮನೆಗಳಲ್ಲಿ, ಹುಳು ಪೊರೆ ಬಿಡುವುದನ್ನು "ಜ್ವರ"ವೆನ್ನುವರು. ನಾಲ್ಕು ಜ್ವರ ದಾಟಿದ ಹುಳು ಮೇವು ಬಿಟ್ಟು ನೂಲಲು ಸಿದ್ಧವಾದರೆ "ಹಣ್ಣಾಯಿತು" ಎನ್ನುವರು. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವರು. ಬೇಸಗೆಯ ಧಗೆ ಹುಳುವಿಗೆ ಮೃತ್ಯುವಾದುದರಿಂದ ಹುಳುಮನೆಯನ್ನು ತಂಪಾಗಿಡುವುದೇ ಆ ಕಾಲದ ದೊಡ್ಡ ಚಿಂತೆ. ಚನ್ನಪಟ್ಟಣದ ಬೊಂಬೆಯ ಕೆಲಸಗಾರನು ತಿರುಗುವ ಹಾಲೆಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತುವನು. ಉಜ್ಜಿದ ಕಾವಿಗೆ ಅರಗು ಕರಗಿ ಬಣ್ಣ ಮರಕ್ಕೆ ಹಿಡಿಯುವುದು. ಕಾವು ಹೆಚ್ಚಾಗಲೂ ಬಾರದು, ಕಡಮೆಯಾಗಲೂ ಬಾರದು. ನಾಲ್ಕು ಜ್ವರ ದಾಟಿ ಹಣ್ಣಾಗುವುದು, ಕಾವಿಗೆ ಬಣ್ಣ ಹಿಡಿಯುವುದು: ಕಷ್ಟದಿಂದ ಪಕ್ವವಾಗುವ ಬಾಳಿಗೂ, ಸ್ನೇಹದಿಂದ ಗುಣ ಹತ್ತುವ ಮನಸ್ಸಿಗೂ ಇವುಗಳಿಗಿಂತ ಒಪ್ಪುವ ಹೋಲಿಕೆಗಳು ಬೇಕೆ? ಇವು ಮಾರುಕಟ್ಟೆಯಲ್ಲಿಯೂ ಕಾರ್ಖಾನೆಯಲ್ಲಿಯೂ ದಿನದಿನವೂ ಆಡುವ ಮಾತುಗಳಾಗಿದ್ದರೂ ಗ್ರಂಥಸ್ಥ ಭಾಷೆಗೆ ಬಂದಿರುವುದು ಅತ್ಯಲ್ಪ.

ಕಡೆಯದಾಗಿ ಒಂದು ವಿಷಯ. ಇಂದಿನ ತರುಣರು ಮಾತುಮಾತಿಗೆ "ಕೂಲ್" ಎನ್ನುವುದನ್ನು ಕೇಳಿ ಹಿರಿಯರು ಬೇಸರಪಡುವರು. ಇಂಗ್ಲಿಷಿನಲ್ಲಿಯೂ ಈ ಪದ ಮೆಚ್ಚಿಕೆಯ ಮಾತಾದುದು ಇಪ್ಪತ್ತನೆಯ ಶತಮಾನದಲ್ಲಿ, ಮುಖ್ಯವಾಗಿ ಅಮೆರಿಕದ ಕರಿಯ ಸಂಗೀತಗಾರರ ಬಾಯಿಂದ. ಉದ್ವೇಗವಿಲ್ಲದ, ತನ್ನ ಮೇಲೆ ತನಗೆ ಹಿಡಿತವಿರುವ ಮನಸ್ಸೆಂಬುದು ಅದರ ಅಭಿಪ್ರಾಯ. ತಣ್ಣಗಿರುವ ಹೊಟ್ಟೆ, ತಂಪಾದ ಕಣ್ಣು, ತಂಪು ಹೊತ್ತಿನ ನೆನಪು ಎಂದು ಕನ್ನಡದ ಮುದುಕಿಯರು ಬಹುಕಾಲದಿಂದ ಹೇಳುತ್ತ ಬಂದ ಅಭಿಪ್ರಾಯಕ್ಕೆ ಇದು ಬಹಳ ದೂರವಲ್ಲ. ಮೊಮ್ಮಗಳು ಹೊರಗಿನಿಂದ ತಂದ ಮಾತೂ ಅಜ್ಜಿಯ ಹರಕೆಯೂ ಒಂದೇ ಮನೆಯಲ್ಲಿ ಕೂಡಿರುವುವು. ಒಂದು ಇನ್ನೊಂದನ್ನು ಗುರುತಿಸಿಲ್ಲವಷ್ಟೆ. ಆ ಗುರುತನ್ನು ಮಾಡಿಕೊಡುವುದು ಮನೆಯಲ್ಲಿ ತಾಯಿತಂದೆಗಳ ಕೆಲಸ, ಶಾಲೆಯಲ್ಲಿ ಉಪಾಧ್ಯಾಯರ ಕೆಲಸ, ಪತ್ರಿಕೆಗಳಲ್ಲಿ ಲೇಖಕರ ಕೆಲಸ. ಇಂಗ್ಲಿಷಿನ ನುಡಿಗಟ್ಟೊಂದು ಲೇಖನಿಗೆ ಬಂದಾಗ, ಅದು ಮೈಯಿಂದ ಹುಟ್ಟಿತೆ, ಹವೆಯಿಂದ ಹುಟ್ಟಿತೆ ಎಂದು ಒಮ್ಮೆ ವಿಚಾರಿಸಿ, ಕಣದಲ್ಲಿಯೂ ಹುಳುಮನೆಯಲ್ಲಿಯೂ ಅದಕ್ಕೆ ಸಮನಾದ ಮಾತಿದೆಯೆ ಎಂದು ಇನ್ನೊಮ್ಮೆ ವಿಚಾರಿಸಿದರೆ, ಬರಬೇಕಾದುದು ಬರುವುದು. ಇದ್ದುದು ಕೆಡದೆ ಉಳಿಯುವುದು.